ಅಟ್ಟದ ಕೆಳಗಿನ ಪಂಕ್ ಬ್ಯಾಂಡು

ನಮ್ಮ ಬಚ್ಚಲುಮನೆಯ ಹಂಡೆಗೆ ಒಂದು ಮುಚ್ಚಳವಿದೆ. ಅದರ ನಟ್ಟನಡುವೆ ತೂತು. ಮನೆಗೆ ಬಂದ ನೆಂಟರು ಸ್ನಾನಕ್ಕೆ ಹೋದವರು ಹೊರಗೆ ಬಂದು, "ಇದೇನ್ರೀ, ತೂತು ತಟ್ಟೆ ಮುಚ್ಚಿದ್ದೀರಿ, ಒಂದು ಮುಚ್ಚಳ ತರೋಕಾಗಲ್ವಾ?" ಎಂದು ಕೇಳುತ್ತಾರೆ. ನನ್ನ ಹೆಂಡತಿ, "ಆವಿ ಹೋಗೋಕೆ ಅನುಕೂಲ ಕಣ್ರೀ" ಎಂದು ಮಾತು ಮುಗಿಸುತ್ತಾಳೆ. ನಾನು ಸುಮ್ಮನಿರುತ್ತೇನೆ. ಅದು ತಟ್ಟೆಯಲ್ಲ, ಸಿಂಬಲ್ಲು, ಡ್ರಮ್ ಸೆಟ್ಟಿನಲ್ಲಿ ಕಂಬದ ಮೇಲೆ ಕೂತಿರುವ ಕಂಚಿನ ತಟ್ಟೆ ಎಂದು ಹೇಳಲು ಹೊರಟರೆ, ಅದು ನಿಮ್ಮ ಮನೆಗೆ ಯಾಕೆ ಬಂತು ಎಂದು ಕೇಳುತ್ತಾರೆ. ಅಲ್ಲಿಂದ ಶುರುವಾದರೆ ನೆಂಟರ ಬಸ್ಸು ತಪ್ಪುತ್ತದೆ.

ಹಂಡೆಯ ಒಲೆಗೆ ನಾವು ಹಾಕುವುದು ಕರಟ, ಮಟ್ಟೆ, ಒಣಗಿದ ಸೋಗೆ. ತಿಪಟೂರಿನಲ್ಲಿ ಬೇರೆ ಏನನ್ನು ಹಾಕುತ್ತಾರೆ? ಕರಟ ಹೊತ್ತಿಕೊಂಡಿತೆಂದರೆ ನೀರು ಹುಚ್ಚು ಹಿಡಿದ ಹಾಗೆ ಕುದಿಯುತ್ತದೆ. ಆವಿ ಮುಚ್ಚಳವನ್ನು ಎತ್ತೆತ್ತಿ ಬಿಡುತ್ತದೆ. ಟಿಸ್. ಸ್ವಲ್ಪ ಬಿಟ್ಟು, ಟಿಸ್ ಟಿಸ್. ನಾನು ಪಕ್ಕದ ಕೋಣೆಯಲ್ಲಿ ಪತ್ರಿಕೆ ಓದುತ್ತಾ ಕೂತಿದ್ದರೆ ಕಾಲು ತಾನಾಗಿಯೇ ನೆಲಕ್ಕೆ ತಟ್ಟತೊಡಗುತ್ತದೆ. ನನಗೆ ನನ್ನ ಕಾಲಿನ ಮೇಲೆಯೇ ಸಿಟ್ಟು ಬರುತ್ತದೆ.

ನಾನು ಒಂದು ಕಾಲದಲ್ಲಿ ಪಂಕ್ ರಾಕ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದೆ. ನಿಮಗೆ ನಂಬಿಕೆ ಬರುವುದಿಲ್ಲ, ಗೊತ್ತು. ನನಗೂ ಪೂರ್ತಿ ನಂಬಿಕೆಯಿಲ್ಲ. ಮೈಸೂರಿನಲ್ಲಿ ತತ್ವಶಾಸ್ತ್ರದ ಎಂ.ಎ. ಮಾಡಿದ್ದರಿಂದ ನನಗಾದ ಉಪಕಾರ ಇಷ್ಟೇ: ಕಣ್ಣಾರೆ ಕಂಡದ್ದನ್ನೂ ನಾನು ಎರಡು ಸಲ ಅನುಮಾನಿಸುತ್ತೇನೆ. ನಲವತ್ತು ವರ್ಷದ ಹಿಂದೆ ಕಂಡದ್ದರ ವಿಷಯದಲ್ಲಂತೂ ಕೇಳಲೇಬೇಡಿ. ಬ್ಯಾಂಡಿನಲ್ಲಿ ಮೂವರಿದ್ದೆವು. ಅದರಲ್ಲಿ ಒಬ್ಬರು ತೀರಿಕೊಂಡರು. ಇನ್ನೊಬ್ಬ ಸುಳ್ಳು ಹೇಳುತ್ತಾನೆ. ಮೂರನೆಯವನು ನಾನು.

ಸುಳ್ಳು ಹೇಳುವವನ ಹೆಸರು ಚಂದ್ರು. ಬಿಳಿಗೆರೆಯವನು, ನನ್ನ ಹೈಸ್ಕೂಲಿನ ಗೆಳೆಯ, ಕೊಬ್ಬರಿ ಮಂಡಿ ನಂಜಪ್ಪನವರ ಒಬ್ಬನೇ ಮಗ. ಈಗ ಆ ಮಂಡಿಗೆ ಅವನೇ ಯಜಮಾನ. ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತು, ಎದುರು ಪಂಕ್ತಿಯವರಿಗೆ ಕೇಳುವಂತೆ ಒಂದು ಕಥೆ ಹೇಳುತ್ತಾನೆ. ನಾವು ಬ್ಯಾಂಡ್ ಮಾಡಿದ್ದೆವು, ಹೆಸರು ಮಾಡಿಬಿಡುತ್ತಿದ್ದೆವು, ಆದರೆ "ನಮ್ಮಪ್ಪ ಬುಡ್ಲಿಲ್ಲ ಕಣಪ್ಪ. ಒಂದೇ ಒಂದ್ ಸಲ ಹೋಗು ಅಂದಿದ್ದಿದ್ರೆ ನಾವೆಲ್ಲಿರ್ತಿದ್ವೋ." ಅಷ್ಟು ಹೊತ್ತಿಗೆ ಪಾಯಸ ಬರುತ್ತದೆ. ಎದುರಿನವರು ಪಾಪ ಎನ್ನುತ್ತಾರೆ. ನಾನು ಬಾಯಿ ತೆರೆಯುತ್ತೇನೆ, ಬಡಿಸುವವನು ಎಲೆಗೆ ಇನ್ನೊಂದು ಸೌಟು ಹಾಕಿ ಹೋಗುತ್ತಾನೆ. ನಂಜಪ್ಪನವರು ಹೋಗಿ ಬಹಳ ವರ್ಷಗಳಾದವು. ಅವರ ಪರವಾಗಿ ಮಾತನಾಡಲು ಪ್ರಪಂಚದಲ್ಲಿ ಉಳಿದಿರುವ ಸಾಕ್ಷಿ ನಾನೊಬ್ಬನೇ. ಆ ಸಾಕ್ಷಿಗೇ ತನ್ನ ಮೇಲೆ ನಂಬಿಕೆಯಿಲ್ಲ. ಇದಕ್ಕಿಂತ ತಲೆ ಚಿಟ್ಟು ಹಿಡಿಸುವ ಸ್ಥಿತಿ ಇನ್ನೊಂದಿದೆಯೇ?

ಎಂಬತ್ತರ ದಶಕ ಇನ್ನೂ ಎಳೆಯದಾಗಿದ್ದಾಗಿನ ಮಾತು. ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಕೋಣೆಯಲ್ಲಿ ಆಫ್ರಿಕಾದ ಕಡೆಯ ಒಬ್ಬ ವಿದ್ಯಾರ್ಥಿ ಇದ್ದ. ಓದು ಮುಗಿಸಿ ಊರಿಗೆ ಹೊರಡುವಾಗ ಅವನು ಸೀಮೆಎಣ್ಣೆ ಸ್ಟೌವನ್ನು ಒಬ್ಬನಿಗೂ ಒಂದು ಕ್ಯಾಸೆಟ್ಟನ್ನು ನನಗೂ ಕೊಟ್ಟ. ನನಗೆ ಬೇಕಾಗಿದ್ದದ್ದು ಸ್ಟೌವು. ಕ್ಯಾಸೆಟ್ಟಿನ ಮೇಲೆ ಹೆಸರಿರಲಿಲ್ಲ. ಅದರೊಳಗೆ ಯಾರೋ ಗುಂಪು ಕಟ್ಟಿಕೊಂಡು, ಮನೆಗೆ ಬೆಂಕಿ ಬಿದ್ದವರ ಹಾಗೆ ಹಾಡುತ್ತಿದ್ದರು. ಇದು ಪಂಕು, ಗಿಟಾರಿನಲ್ಲಿ ಮೂರು ಕಾರ್ಡ್, ಅಂದರೆ ಮೂರು ಸ್ವರಗುಚ್ಛ ಗೊತ್ತಿದ್ದರೆ ಸಾಕು, ಮಿಕ್ಕಿದ್ದಕ್ಕೆಲ್ಲ ಸಿಟ್ಟಿರಬೇಕು ಎಂದು ಅವನು ವಿವರಿಸಿದ್ದ. ನಡುವೆ ಕೆಲವು ಹಾಡುಗಳಲ್ಲಿ ತುತ್ತೂರಿ ಬರುತ್ತಿತ್ತು, ಗಿಟಾರು ಒಂದು ತರಹ ಕುಂಟುತ್ತಾ ಕುಣಿಯುತ್ತಿತ್ತು. ಅದಕ್ಕೆ ಸ್ಕಾ ಎನ್ನುತ್ತಾರೆ, ಜಮೈಕಾದ್ದು ಎಂದ. ಜಮೈಕಾ ಎಲ್ಲಿದೆ ಎಂದು ನಾನು ಕೇಳಲಿಲ್ಲ. ತತ್ವಶಾಸ್ತ್ರದವರು ಅಂಥ ಸಣ್ಣ ಪ್ರಶ್ನೆ ಕೇಳುವುದಿಲ್ಲ.

ಊರಿಗೆ ಬಂದು ಲೆಕ್ಚರರ್ ಕೆಲಸಕ್ಕೆ ಕಾಯುತ್ತಿದ್ದ ದಿನಗಳಲ್ಲಿ ಈ ಕ್ಯಾಸೆಟ್ಟನ್ನು ಚಂದ್ರುವಿಗೆ ಕೇಳಿಸಿದೆ. ಅವನು ಒಂದು ಮಧ್ಯಾಹ್ನವಿಡೀ ಅದನ್ನೇ ತಿರುವಿ ಹಾಕಿ ಕೇಳಿ, "ಲೇ ಫಿಲಾಸಫಿ, ಇದು ನಮ್ದೇ ಕಣ್ಲಾ" ಎಂದ.

"ಯಾವ ಲೆಕ್ಕದಲ್ಲಿ ನಮ್ದು?"

"ಸಿಟ್ಟು ಐತಲ್ಲ."

ಚಂದ್ರುವಿಗೆ ಯಾವುದರ ಮೇಲೆ ಸಿಟ್ಟು ಎಂದು ನೀವು ಕೇಳಬಹುದು. ಮನೆ ತುಂಬ ಕೊಬ್ಬರಿ, ತಾಯಿಯ ಕೈಯ ಊಟ, ಓಡಾಡಲು ಸ್ಕೂಟರು. ಅವನ ಸಿಟ್ಟೆಲ್ಲ ಮಂಡಿಯ ಮೇಲೆ. ಗೋಣಿಚೀಲದ ವಾಸನೆಯ ನಡುವೆ, ದಿಂಬಿಗೆ ಒರಗಿಕೊಂಡು, ಜೀವಮಾನವಿಡೀ ಕೊಬ್ಬರಿಯನ್ನು ದಪ್ಪ ಸಣ್ಣ ಎಂದು ಬೇರೆ ಮಾಡುತ್ತಾ ಕೂರಬೇಕಲ್ಲ ಎಂದು. ಅದನ್ನು ಬಿಟ್ಟರೆ ಬಿಳಿಗೆರೆಯಲ್ಲಿ ಕೈ ಅಡ್ಡ ಹಿಡಿದರೂ ನಿಲ್ಲಿಸದ ಎಕ್ಸ್‌ಪ್ರೆಸ್ ಬಸ್ಸಿನ ಮೇಲೆ.

ಬೆಂಗಳೂರಿಗೆ ಹೋಗಿ ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರು ತಂದ. ಅದಕ್ಕೊಂದು ಆಂಪ್ಲಿಫೈಯರು ಬೇಕು ಎಂಬುದು ಅವನಿಗೆ ಗೊತ್ತಿರಲಿಲ್ಲ. ಮದುವೆ ಮನೆಗಳಿಗೆ ಬಾಡಿಗೆಗೆ ಕೊಡುವ ಮೈಕ್ ಸೆಟ್ಟಿಗೆ ಅದನ್ನು ಸಿಕ್ಕಿಸಿದೆವು. ತೆಂಗಿನಮರಕ್ಕೆ ಕಟ್ಟುವ ಹೂವಿನಾಕಾರದ ಆ ಹಾರ್ನಿನಿಂದ ಬಂದ ಸದ್ದು, ತಗಡಿನ ಡಬ್ಬಿಯೊಳಗೆ ನಾಯಿ ಸಿಕ್ಕಿಕೊಂಡ ಹಾಗಿತ್ತು. ಕ್ಯಾಸೆಟ್ಟಿನಲ್ಲಿದ್ದದ್ದೂ ಅದೇ ಸದ್ದು. ನಾನು ಮುಚ್ಚಿಹೋದ ಒಂದು ನಾಟಕ ಕಂಪನಿಯವರ ಡ್ರಮ್ ಸೆಟ್ಟು ತಂದೆ. ನನಗೆ ಬಾರಿಸಲು ಬರುತ್ತಿರಲಿಲ್ಲ. ಬರದಿದ್ದರೆ ಒಳ್ಳೆಯದು ಎಂದು ಪಂಕಿನ ಸಿದ್ಧಾಂತವೇ ಹೇಳುತ್ತಿದ್ದರಿಂದ ನನ್ನ ಆತ್ಮಗೌರವಕ್ಕೆ ಧಕ್ಕೆಯಾಗಲಿಲ್ಲ.

ತುತ್ತೂರಿಗೆ ಬಾಬಣ್ಣನವರನ್ನು ಹಿಡಿದೆವು. ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದವರು, ನಮಗಿಂತ ಹದಿನೈದು ವರ್ಷ ದೊಡ್ಡವರು, ಹಿತ್ತಾಳೆ ಗುಂಡಿಯ ಕೆಂಪು ಕೋಟು ಬಿಟ್ಟು ಬೇರೆ ಬಟ್ಟೆಯಲ್ಲಿ ಊದಲು ಒಪ್ಪದವರು. ಮೊದಲ ದಿನ ಕ್ಯಾಸೆಟ್ ಕೇಳಿ ಮುಖ ಸಿಂಡರಿಸಿದರು.

"ಎಲ್ರೂ ಹೊಡೆಯೋ ಜಾಗದಾಗೆ ಸುಮ್ನಿರ್ಬೇಕು, ಸುಮ್ನಿರೋ ಜಾಗದಾಗೆ ಹೊಡೀಬೇಕು. ಇದೇನ್ ಸಾರ್ ಇದು, ಮದುವೇಲಿ ಹಿಂಗೆ ಊದಿದ್ರೆ ಮದುವಣಗಿತ್ತಿ ಹೆಜ್ಜೆ ತಪ್ಪಿ ಬೀಳ್ತಾಳೆ."

ಸ್ಕಾದ ಬಗ್ಗೆ ಇದಕ್ಕಿಂತ ಚೆನ್ನಾದ ವ್ಯಾಖ್ಯಾನವನ್ನು ನಾನು ಆಮೇಲೆ ಎಲ್ಲೂ ಓದಲಿಲ್ಲ. ಆದರೆ ವ್ಯಾಖ್ಯಾನ ಕೊಟ್ಟವರೇ ಅದನ್ನು ಪಾಲಿಸಲಿಲ್ಲ. ಎರಡು ಸಾಲು ಸರಿಯಾಗಿ ಊದಿ, ಮೂರನೆಯ ಸಾಲಿಗೆ ಮೆರವಣಿಗೆಯ ಧಾಟಿ ಹಿಡಿದು ತಮ್ಮ ಪಾಡಿಗೆ ತಾವು ಹೆಣ್ಣಿನ ಮನೆ ಬಾಗಿಲಿಗೆ ಹೊರಟುಬಿಡುತ್ತಿದ್ದರು. ನಿಲ್ಲಿಸಿ ಎಂದರೆ, "ಹೊಸ್ತಿಲು ಮುಟ್ಟೋವರ್ಗೂ ನಿಲ್ಸಂಗಿಲ್ಲ ಸಾರ್, ನಮ್ ಪದ್ಧತಿ" ಎನ್ನುತ್ತಿದ್ದರು.

ಬ್ಯಾಂಡಿಗೆ ದಿ ಕರಟ್ಸ್ ಎಂದು ಹೆಸರಿಟ್ಟವನು ಚಂದ್ರು. ನಾನು ವಿರೋಧಿಸಿದೆ ಎಂದು ನನ್ನ ನೆನಪು. ನಾನೇ ಇಟ್ಟೆ ಎಂದು ಅವನ ವಾದ.

ಇನ್ನು ಅಟ್ಟದ ವಿಷಯಕ್ಕೆ ಬರಬೇಕು. ಬೇರೆ ಸೀಮೆಯವರಿಗೆ ಕೊಬ್ಬರಿ ಎಂದರೆ ಅಂಗಡಿಯಲ್ಲಿ ಸಿಗುವ ಪದಾರ್ಥ. ನಮಗೆ ಅದು ಮನೆಯ ಮಾಳಿಗೆಯಲ್ಲಿ ಮಲಗಿರುವ ಒಂದು ವರ್ಷ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿಬಿಡುತ್ತಾರೆ. ಆಮೇಲೆ ಯಾರೂ ಏನೂ ಮಾಡುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ತಾನಾಗಿ ಒಣಗಿ ಚಿಪ್ಪಿನಿಂದ ಬಿಟ್ಟುಕೊಳ್ಳಬೇಕು. ಚಿಕ್ಕಂದಿನಲ್ಲಿ ನಾವು ಮಲಗುತ್ತಿದ್ದದ್ದು ಅಂಥ ಅಟ್ಟದ ಕೆಳಗೇ. ತಲೆಯ ಮೇಲೆ ಇಷ್ಟೊಂದು ಕಾಯಿ ಇಟ್ಟುಕೊಂಡು ದೊಡ್ಡವರು ಗೊರಕೆ ಹೊಡೆಯುತ್ತಾರಲ್ಲ ಎಂದು ನಾನು ಕಣ್ಣು ಬಿಟ್ಟುಕೊಂಡು ತೊಲೆಗಳನ್ನೇ ನೋಡುತ್ತಿದ್ದೆ. ಅನುಮಾನದ ಬುದ್ಧಿ ನನಗೆ ಮೈಸೂರಿನಲ್ಲಿ ಬಂದದ್ದಲ್ಲ ಎಂದು ಈಗ ತೋರುತ್ತದೆ. ನಮ್ಮಜ್ಜಿ ಆಗಾಗ ಒಂದು ಕಾಯಿ ಇಳಿಸಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ಮೊದಮೊದಲು ಗುಳುಗುಳು ಎಂದು ನೀರಿನ ಸದ್ದು. ತಿಂಗಳುಗಳು ಕಳೆದಂತೆ ಆ ಸದ್ದು ಸಣ್ಣದಾಗಿ, ಕೊನೆಗೆ ಏನೂ ಇಲ್ಲ. ಆಮೇಲೆ ಒಂದು ದಿನ ಒಳಗೆ ಕೊಬ್ಬರಿ ಗುಂಡು ಗುಡುಗುಡು ಎಂದು ಉರುಳುತ್ತದೆ. ಕಾಯಿ ಗುಡುಗುಟ್ಟಿತು ಎಂದರೆ ಮುಗಿಯಿತು. ಇಳಿಸಬಹುದು, ಸುಲಿಯಬಹುದು, ಮಂಡಿಗೆ ಸಾಗಿಸಬಹುದು.

ಆ ವರ್ಷ ಉಗಾದಿ ಮುಗಿದ ಮೇಲೆ ನಂಜಪ್ಪನವರ ತೋಟದ ಮನೆಯ ಅಟ್ಟಕ್ಕೆ ಕಾಯಿ ಹಾಕಿಸುತ್ತಿದ್ದರು. ಚಂದ್ರು ಅಲ್ಲೇ, ಏಣಿಯ ಬುಡದಲ್ಲಿ ನಿಂತು, ತಾನು ಮಂಡಿಗೆ ಬರುವುದಿಲ್ಲವೆಂದೂ ಬ್ಯಾಂಡ್ ನಡೆಸುವುದಾಗಿಯೂ ಘೋಷಿಸಿದ. ನಾನು ಧೈರ್ಯ ಕೊಡಲು ಹೋಗಿದ್ದವನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ನಂಜಪ್ಪನವರು ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿದ್ದರೂ ಒರೆಸಿಕೊಳ್ಳದೆ ಮಗನನ್ನು ನೋಡಿದರು.

"ಆಯ್ತು ಕಣ್ಲಾ. ಈ ಅಟ್ಟದ ಕಾಯಿ ಕೊಬ್ಬರಿ ಆಗೋವರ್ಗೂ ಅದೇನ್ ಬಾರುಸ್ತೀರೋ ಬಾರ್ಸ್ಕಳಿ. ಕಾಯಿ ಗುಡುಗುಟ್ಟಿದ್ ದಿನ ಮಂಡಿಗೆ ಬಂದು ಕೂತ್ಕಬೇಕು."

"ಅಷ್ಟ್ರೊಳಗೆ ನಾವು ಹೆಸ್ರು ಮಾಡಿದ್ರೆ?"

"ಹೆಸ್ರು ಅಂದ್ರೆ ಏನ್ಲಾ? ಒಂದ್ ಸಲ ಯಾರ್ ಬೇಕಾದ್ರೂ ಕರೀತಾರೆ, ಗೊತ್ತಿಲ್ದೆ. ಗಿರಾಕಿ ಎರಡ್ನೇ ಸಲ ಬಂದ್ರೆ ಅದು ಯಾಪಾರ. ಒಂದೇ ಊರಿನೋರು ನಿಮ್ಮನ್ನ ಎರಡ್ನೇ ಸಲ ಕರೀಲಿ, ನಾನು ನಿನ್ನ ಮಂಡಿ ಕಡೆ ಕರೆದ್ರೆ ಕೇಳು." ಆಮೇಲೆ ನನ್ನ ಕಡೆ ತಿರುಗಿ, "ಏನ್ ಮೈಸೂರ್ನೋರೇ, ನ್ಯಾಯ ಐತಾ?" ಎಂದರು.

ನ್ಯಾಯ ಎಂದರೇನು ಎಂಬ ಬಗ್ಗೆ ನಾನು ಎರಡು ವರ್ಷ ಓದಿದ್ದೆ. ಐತೆ ಎಂದೆ.

ಹೀಗೆ ಪ್ರಪಂಚದಲ್ಲಿ ಬೇರೆ ಯಾವ ರಾಕ್ ಬ್ಯಾಂಡಿಗೂ ಇಲ್ಲದ ಒಂದು ಗಡುವು ನಮಗೆ ಸಿಕ್ಕಿತು. ಅಟ್ಟದ ಮೇಲಿನ ಕಾಯಿ ಒಣಗುವುದರೊಳಗೆ ಯಾವುದಾದರೂ ಒಂದು ಊರು ನಮ್ಮನ್ನು ಎರಡು ಸಲ ಕರೆಯಬೇಕು.

ಇಷ್ಟಾದ ಮೇಲೆ ಬುದ್ಧಿಯಿರುವವರು ಆ ಅಟ್ಟದಿಂದ ದೂರವಿರುತ್ತಿದ್ದರು. ನಾವು ಅಭ್ಯಾಸಕ್ಕೆ ಕೂತದ್ದು ಅದರ ಕೆಳಗೇ. ಪೇಟೆಯಲ್ಲಿ ಬಾರಿಸಿದರೆ ಅಕ್ಕಪಕ್ಕದವರು ಬೈಯುತ್ತಿದ್ದರು; ತೋಟದ ಮನೆಯಲ್ಲಿ ಪಂಪ್‌ಸೆಟ್ಟಿನ ಕರೆಂಟಿತ್ತು, ಮೇಲಿರುವ ಕಾಯಿಯ ನಾರು ಸದ್ದನ್ನು ಹೀರಿಕೊಳ್ಳುತ್ತದೆ ಎಂಬ ವೈಜ್ಞಾನಿಕ ಕಾರಣವೂ ಇತ್ತು. ಆ ವೈಜ್ಞಾನಿಕ ಕಾರಣ ಕೊಟ್ಟದ್ದು ನಾನೆಂದು ಚಂದ್ರು ಈಗಲೂ ಹೇಳುತ್ತಾನೆ. ನನ್ನ ಮಾತಿನ ಹಾಗೆಯೇ ಇದೆ, ಒಪ್ಪುತ್ತೇನೆ. ಆದರೆ ಅವನು ಅದನ್ನು ಹೇಳುತ್ತಿರುವ ಚಿತ್ರವೇ ನನ್ನ ಕಣ್ಣಿಗೆ ಕಟ್ಟುತ್ತದೆ.

ನಮ್ಮ ಮುಖ್ಯ ಹಾಡು ಒಂದೇ. ಮಿಕ್ಕವೆಲ್ಲ ಅದರ ತಮ್ಮಂದಿರು. ಬರೆದವನು ಚಂದ್ರು:

ಬಸ್ಸು ಬಂತು, ನಿಲ್ಲಲಿಲ್ಲ
ಕರೆಂಟು ಬಂತು, ಉಳಿಯಲಿಲ್ಲ
ಅಪ್ಪ ಬಂದ, ನಗಲಿಲ್ಲ

ಇಲ್ಲಿಗೆ ಮೂವರೂ ಒಟ್ಟಿಗೆ ನಿಲ್ಲಿಸಬೇಕು. ಗಿಟಾರಿಲ್ಲ, ತುತ್ತೂರಿಯಿಲ್ಲ, ಡ್ರಮ್ಮಿಲ್ಲ. ಮನಸ್ಸಿನಲ್ಲೇ ನಾಲ್ಕು ಎಣಿಸಬೇಕು. ಕೇಳುವವರು ಏನಾಯಿತಪ್ಪ ಎಂದು ತಲೆಯೆತ್ತುವ ಹೊತ್ತಿಗೆ ಚಂದ್ರು "ಬುಡತ್ಲಾಗೆ!" ಎಂದು ಕೂಗಬೇಕು, ನಾನು ಸಿಂಬಲ್ಲಿಗೆ ಹೊಡೆಯಬೇಕು. ಇಡೀ ಹಾಡಿನ ಜೀವ ಇದ್ದದ್ದು ಆ ಮೌನದಲ್ಲಿ. ಚಂದ್ರುವಿಗೆ ಆ ಮೌನ ತಡೆಯಲಾಗುತ್ತಿರಲಿಲ್ಲ. ಎರಡಕ್ಕೇ ಕೂಗಿಬಿಡುತ್ತಿದ್ದ.

"ನಾಲ್ಕು ಎಣಿಸೋ."

"ಎಣಿಸ್ದೆ ಕಣ್ಲಾ. ನೀನ್ ನಿಧಾನಕ್ಕೆ ಎಣಿಸ್ತೀಯ. ಮೈಸೂರಾಗೆ ಅಂಗೇ ಕಲ್ಸೋದಾ?"

"ಇಬ್ರೂ ಜಗಳ ಮುಗಿಸಿ, ಟೀ ತರ್ಸಿ" ಎನ್ನುತ್ತಿದ್ದರು ಬಾಬಣ್ಣ.

ಪ್ರತಿ ಅಭ್ಯಾಸದ ಮೊದಲು ಚಂದ್ರು ಅಟ್ಟ ಹತ್ತಿ ಒಂದು ಕಾಯಿ ಅಲ್ಲಾಡಿಸಿ ಬರುತ್ತಿದ್ದ. "ನೀರೈತೆ" ಎಂದು ಮೇಲಿನಿಂದ ಕೂಗಿದರೆ ನಮಗೆ ಜೀವ ಬರುತ್ತಿತ್ತು.

ಮೊದಲ ಕಾರ್ಯಕ್ರಮ ತಿಪಟೂರಿನ ಒಂದು ಬೀದಿಯ ಗಣಪತಿ ಪೆಂಡಾಲಿನಲ್ಲಿ. ಸಂಜೆ ಹೊತ್ತು, ಮುಂದೆ ಮಕ್ಕಳು, ಹಿಂದೆ ಚಾಪೆ ತಂದ ಹೆಂಗಸರು. ಆರು ಹಾಡನ್ನು ಒಂದರ ಬಾಲಕ್ಕೆ ಒಂದು ಕಟ್ಟಿ ಉಸಿರು ತೆಗೆಯದೆ ಬಾರಿಸಿದೆವು. ಮುಗಿಸಿ, ಬೆವರು ಸುರಿಸಿಕೊಂಡು ಚಪ್ಪಾಳೆಗೆ ಕಾದೆವು. ಚಪ್ಪಾಳೆ ಬರಲಿಲ್ಲ. ಜನ ನಮ್ಮನ್ನೇ ಸಮಾಧಾನದಿಂದ ನೋಡುತ್ತಾ ಕೂತಿದ್ದರು. ಕೊನೆಗೆ ಪೆಂಡಾಲಿನ ಹಿರಿಯರೊಬ್ಬರು ಎದ್ದು ಬಂದು ಚಂದ್ರುವಿನ ಕಿವಿಯಲ್ಲಿ, "ಮೈಕ್ ಟೆಸ್ಟಿಂಗ್ ಆಯ್ತಲ್ಲಪ್ಪ, ಇನ್ನು ಹಾಡು ಶುರು ಮಾಡ್ರಿ. ಹೆಣ್ಮಕ್ಕಳು ಮನೆಗೋಗಿ ಅಡಿಗೆ ಮಾಡ್ಬೇಕು" ಎಂದರು. ಆ ಬೀದಿಯವರು ನಮ್ಮನ್ನು ಎರಡನೆಯ ಸಲ ಕರೆಯಲಿಲ್ಲ. ಒಂದನೆಯ ಸಲವೇ ನಾವು ಬಂದಿಲ್ಲವೆಂದು ಅವರ ಲೆಕ್ಕ.

ಎರಡನೆಯದು ದಬ್ಬೇಘಟ್ಟದಲ್ಲಿ, ಚಂದ್ರುವಿನ ದೂರದ ನೆಂಟರ ಮದುವೆಯ ಆರತಕ್ಷತೆ. ಮೊದಲ ಹಾಡಿನ ಎರಡನೆಯ ಸಾಲಿಗೆ ಕರೆಂಟು ಹೋಯಿತು. ಹಾಡಿನ ಸಾಲೂ ಅದೇ ಆಗಿತ್ತು, ಯಾರೂ ಗಮನಿಸಲಿಲ್ಲ. ಗಿಟಾರು ಸತ್ತಿತು, ಚಂದ್ರುವಿನ ದನಿ ಅವನಿಗೇ ಕೇಳದಾಯಿತು. ಬಾಬಣ್ಣ ಮಾತ್ರ, ಹೊಸ್ತಿಲು ಮುಟ್ಟದೆ ನಿಲ್ಲಿಸುವಂತಿಲ್ಲವಲ್ಲ, ಕೆಂಪು ಕೋಟಿನಲ್ಲಿ ವೇದಿಕೆ ಇಳಿದು ಜನರ ನಡುವೆ ಊದುತ್ತಾ ಹೊರಟರು. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಬೀಗರು ಎದ್ದು ಕುಣಿದರು. ಹುಡುಗನ ಸೋದರಮಾವ ಕುಣಿದು ಕುಣಿದು ಪೇಟ ಕಳೆದುಕೊಂಡ. ಒಂದು ವಾರದಲ್ಲಿ ದಬ್ಬೇಘಟ್ಟದಿಂದ ಇನ್ನೊಂದು ಮದುವೆಗೆ ಕರೆ ಬಂತು. ಚಂದ್ರು ಓಡಿ ಹೋಗಿ ಅಪ್ಪನಿಗೆ ಹೇಳಿದ. ನಂಜಪ್ಪನವರು ಕರೆಯಲು ಬಂದವನನ್ನೇ ಕೇಳಿದರು, "ಯಾರ್ ಬೇಕಪ್ಪ ನಿಮಗೆ?"

"ಆ ಕೆಂಪು ಕೋಟಿನೋರು ಸಾಕು ಯಜಮಾನ್ರೆ. ಈ ಇಬ್ರು ಹುಡುಗ್ರು ಬ್ಯಾಡ."

ನಂಜಪ್ಪನವರು ನಗಲಿಲ್ಲ. ನಕ್ಕಿದ್ದರೆ ನಮಗೆ ಅಷ್ಟು ಬೇಸರವಾಗುತ್ತಿರಲಿಲ್ಲ. ಬಾಬಣ್ಣ ಆ ಮದುವೆಗೆ ಹೋಗಿ ಬಂದು ಊಟ ಹೇಗಿತ್ತೆಂದು ಎರಡು ದಿನ ವರ್ಣಿಸಿದರು.

ಸಂಕ್ರಾಂತಿಗೆ ಶೆಟ್ಟಿಕೆರೆಯ ಯುವಕ ಸಂಘದವರು ಕರೆದರು. ಅವರಿಗೆ ಬೇಕಾಗಿದ್ದ ಆರ್ಕೆಸ್ಟ್ರಾ ಕೈಕೊಟ್ಟಿತ್ತು. ಶಾಲೆಯ ಬಯಲು, ಸುಗ್ಗಿ ಮುಗಿಸಿದ ಜನ, ಆಶ್ಚರ್ಯವೆಂದರೆ ಕರೆಂಟೂ ಇತ್ತು. ಬಸ್ಸು ಬಂತು ನಿಲ್ಲಲಿಲ್ಲ ಎಂದ ಕೂಡಲೇ ಹಿಂದಿನಿಂದ ಯಾರೋ, "ನಮ್ಮೂರಾಗೂ ನಿಲ್ಸಲ್ಲ ಕಣಪ್ಪೋ!" ಎಂದು ಕೂಗಿದರು. ಎರಡನೆಯ ಸಾಲಿಗೆ ಸೀಟಿ ಬಿತ್ತು. ಮೂರನೆಯ ಸಾಲಿಗೆ ಹುಡುಗರೆಲ್ಲ ಎದ್ದು ನಿಂತರು. ನಾವು ನಿಲ್ಲಿಸಿದೆವು. ಒಂದು, ಎರಡು. ಚಂದ್ರು ಕೂಗಿಬಿಟ್ಟ. ನಾನು ಸಿಂಬಲ್ಲಿಗೆ ಹೊಡೆದದ್ದು ನಾಲ್ಕಕ್ಕೆ. ನಾನು ಸರಿ, ಅವನು ತಪ್ಪು. ಆದರೆ ಎರಡನೆಯ ಸುತ್ತಿಗೆ ಇಡೀ ಶೆಟ್ಟಿಕೆರೆ ಅವನ ಜೊತೆ ಎರಡಕ್ಕೇ "ಬುಡತ್ಲಾಗೆ" ಎಂದು ಕೂಗಿತು. ಸರಿಯಾಗಿದ್ದವನು ಆ ಬಯಲಿನಲ್ಲಿ ನಾನೊಬ್ಬನೇ, ಮೂರ್ಖನ ಹಾಗೆ ಕಾಣುತ್ತಿದ್ದವನೂ ನಾನೊಬ್ಬನೇ. ಅದೇ ಹಾಡನ್ನು ಮತ್ತೆ ಮತ್ತೆ ಕೇಳಿದರು. ಹೊರಡುವಾಗ ಸಂಘದ ಕಾರ್ಯದರ್ಶಿ ಚಂದ್ರುವಿನ ಕೈ ಹಿಡಿದು, "ಇನ್ನೊಂದ್ ಸಲ ಕರೀತೀವಿ, ಬರ್ಲೇಬೇಕು ನೋಡ್ರಿ" ಎಂದ. ಹಿಂತಿರುಗುವ ದಾರಿಯುದ್ದಕ್ಕೂ ಚಂದ್ರು ಸ್ಕೂಟರಿನ ಹಾರ್ನನ್ನು ಸ್ಕಾ ತಾಳದಲ್ಲಿ ಒತ್ತುತ್ತಾ ಬಂದ. ಹಿಂದೆ ಕೂತಿದ್ದ ನನಗೆ ಅದೂ ತಪ್ಪು ಜಾಗದಲ್ಲಿದೆ ಎನ್ನಿಸಿತು, ಹೇಳಲಿಲ್ಲ.

ಸಂಘದವರ ಎರಡನೆಯ ಕರೆ ಬೇಗ ಬರಲಿಲ್ಲ. ಅದಕ್ಕೆ ಮೊದಲು ನಂಜಪ್ಪನವರು ಬಂದರು. ನಾವು ಅಭ್ಯಾಸ ಮಾಡುತ್ತಿದ್ದಾಗಲೇ ಬಂದು, ಏನೂ ಮಾತಾಡದೆ ಏಣಿ ಹತ್ತಿ, ಒಂದು ಕಾಯಿ ಹಿಡಿದು ಇಳಿದರು. ಅಲ್ಲಾಡಿಸಿದರು. ಗುಡುಗುಡು.

"ಕೇಳುಸ್ತೇನ್ಲಾ?"

"ಇಲ್ಲ" ಎಂದ ಚಂದ್ರು. ತೋಟಕ್ಕೆಲ್ಲ ಕೇಳಿಸಿತ್ತು.

"ನಿಮಗೆ, ಮೈಸೂರ್ನೋರೇ?"

"ಒಂದು ಕಾಯಿ ನೋಡಿ ಇಡೀ ಅಟ್ಟದ ಬಗ್ಗೆ ತೀರ್ಮಾನಕ್ಕೆ ಬರೋದು ತರ್ಕಕ್ಕೆ ಸರಿಯಾಗಲ್ಲ" ಎಂದೆ. ನನ್ನ ವಿದ್ಯೆ ಜೀವನದಲ್ಲಿ ಉಪಯೋಗಕ್ಕೆ ಬಂದ ಒಂದೇ ಗಳಿಗೆ ಅದು.

"ಹೌದಾ? ಹಂಗಾರೆ ನೀವೇ ಹತ್ತಿ ಆರಿಸ್ಕಂಡ್ ಬನ್ನಿ."

ಹತ್ತಿದೆ. ಮೂಲೆಯಿಂದ ಒಂದು, ನಡುವಿನಿಂದ ಒಂದು, ಇಲಿ ಓಡಾಡುವ ಕತ್ತಲಿನಿಂದ ಒಂದು. ಎತ್ತಿಕೊಂಡ ಪ್ರತಿಯೊಂದೂ ನನ್ನ ಕೈಯಲ್ಲೇ ಗುಡುಗುಟ್ಟಿತು.

"ಇನ್ನೂ ಉಗಾದಿನೇ ಬಂದಿಲ್ವಲ್ಲಪ್ಪ" ಎಂದ ಚಂದ್ರು. ಅವನ ದನಿ ಚಿಕ್ಕದಾಗಿತ್ತು.

"ನಾನ್ ಉಗಾದಿ ಅಂದಿದ್ನಾ? ಕಾಯಿ ಅಂದಿದ್ದೆ. ನೀವೇ ಮಾಡ್ಕಂಡಿದ್ದು ಕಣ್ರಲಾ. ದಿನಾ ಕೆಳಗ್ ಕೂತು ಧಡಧಡ ಅಂತ ಕುಟ್ಟುದ್ರೆ ಒಳಗಿರೋ ಕೊಬ್ಬರಿ ಎಷ್ಟ್ ದಿನ ಕಚ್ಕಂಡಿರ್ತದೆ?"

ನಮ್ಮ ಸದ್ದಿಗೆ ಕೊಬ್ಬರಿ ಬೇಗ ಬಿಟ್ಟುಕೊಂಡಿತೇ? ನಾನು ಈವರೆಗೂ ಒಪ್ಪಿಲ್ಲ. ಆ ಅಟ್ಟದ ಮೇಲೆ ತಗಡಿನ ಸೂರು, ಹಿಂದಿನ ಬೇಸಿಗೆ ಕೆಟ್ಟ ಬೇಸಿಗೆ. ಆದರೆ ಪಕ್ಕದ ಮನೆಗಳಲ್ಲಿ ಅದೇ ತಿಂಗಳು ಹಾಕಿದ ಕಾಯಿ ಇನ್ನೂ ಸದ್ದು ಮಾಡಿರಲಿಲ್ಲ ಎಂಬುದೂ ನಿಜ. ಮಾರನೆಯ ಸೋಮವಾರ ಚಂದ್ರು ಮಂಡಿಗೆ ಹೋಗಿ ದಿಂಬಿಗೆ ಒರಗಿ ಕೂತ.

ಈಗ ಹೇಳಹೊರಟಿರುವುದು ನನ್ನನ್ನು ಇಷ್ಟು ವರ್ಷ ಕಾಡಿದ ಸಂಗತಿ. ಅವನು ಮಂಡಿಗೆ ಕೂತು ಸ್ವಲ್ಪ ದಿನವಾಗಿತ್ತು, ಉಗಾದಿ ಹತ್ತಿರ ಬಂದಿತ್ತು. ಮಧ್ಯಾಹ್ನ ಅವನನ್ನು ನೋಡಲು ಹೋಗಿ ಚೀಲದ ಮೇಲೆ ಕೂತಿದ್ದೆ. ಬಾಬಣ್ಣ ಬಂದಿದ್ದರು, ಟೀ ಹೇಳಲು ಹೊರಗೆ ಹೋಗಿದ್ದರು. ಆಗ ಶೆಟ್ಟಿಕೆರೆಯ ಕಾರ್ಯದರ್ಶಿ ಒಳಗೆ ಬಂದ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ. ಶಾಸ್ತ್ರೋಕ್ತವಾಗಿ ಕರೆಯಲು ಬಂದಿದ್ದ. ಊರಲ್ಲಿ ವಾಲಿಬಾಲ್ ಟೂರ್ನಮೆಂಟು, ಫೈನಲ್ ಮುಗಿದ ಮೇಲೆ ನಾವು ಬಾರಿಸಬೇಕು. "ಮೂರೂ ಜನ ಬರ್ಬೇಕು" ಎಂದು ಬಿಡಿಸಿ ಹೇಳಿದ.

ನಂಜಪ್ಪನವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

"ಎರಡ್ನೇ ಸಲ ಅಲ್ವೇನ್ಲಾ ಇದು?"

"ಹೂಂ" ಎಂದ ಚಂದ್ರು.

"ಪಕ್ಕದ್ ತೋಟದೋರ ಅಟ್ಟ ಇನ್ನೂ ಗುಡುಗುಟ್ಟಿಲ್ಲ. ನಮ್ದು ನಿಮ್ ಗಲಾಟೆಗೆ ಮುಂಚೆ ಆಯ್ತು. ಹೆಚ್ಚು ಸದ್ದು ಮಾಡಿದ್ಕೆ ಗಡುವು ಕಿತ್ಕಳದು ನ್ಯಾಯ ಅಲ್ಲ. ಮಾತು ಅಂದ್ರೆ ಮಾತು. ಹೋಗು."

ನಾನು ಎದ್ದು ನಿಂತೆ. ನನ್ನ ಎರಡೂ ಕೈ ಆಗಲೇ ಕೋಲು ಹಿಡಿದವರ ಹಾಗೆ ಮಡಿಸಿಕೊಂಡಿದ್ದವು. ಚಂದ್ರು ಎದ್ದಿರಲಿಲ್ಲ. ಒಂದು ಕೊಬ್ಬರಿ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಆವತ್ತು ಆಗಕಿಲ್ಲ ಕಣಪ್ಪ. ಕೊಬ್ಬರಿ ಲೋಡೈತೆ."

"ಲೋಡು ನಾನ್ ನೋಡ್ಕಂತೀನಿ."

"ನೀನ್ ನೋಡ್ಕಂಡ್ರೆ ದಪ್ಪದ್ರ ಜೊತೆ ಸಣ್ಣದೂ ಹೋಯ್ತದೆ. ಮೊದಲ್ನೇ ಸಲ ನಾನೇ ಕಳಿಸ್ತಿರೋದು, ಉತ್ತರದ ಕಡೀಕೆ. ಬುಡತ್ಲಾಗೆ."

ಆ ಪದವನ್ನು ಎಷ್ಟು ಸಪ್ಪಗೆ ಹೇಳಿದನೆಂದರೆ, ಅದು ನಮ್ಮ ಹಾಡಿನದೇ ಪದ ಎಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಕಾರ್ಯದರ್ಶಿ ತಟ್ಟೆ ಹಿಡಿದುಕೊಂಡು ಅತ್ತ ಇತ್ತ ನೋಡಿದ. ತಂದ ವೀಳ್ಯವನ್ನು ಹಾಗೇ ವಾಪಸ್ ಕಳಿಸಬಾರದೆಂದು ನಂಜಪ್ಪನವರು ಒಂದೇ ಒಂದು ಎಲೆ ತೆಗೆದುಕೊಂಡರು. ಬಹಳ ಹೊತ್ತು ಅದನ್ನು ಕೈಯಲ್ಲೇ ಇಟ್ಟುಕೊಂಡು ಮಗನನ್ನು ನೋಡುತ್ತಿದ್ದರು. ಗೆದ್ದವರ ಮುಖ ಹಾಗಿರುವುದಿಲ್ಲ.

ಬಾಬಣ್ಣ ಟೀಯೊಂದಿಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ದಿ ಕರಟ್ಸ್ ಸತ್ತದ್ದನ್ನು ಅವರಿಗೆ ಹೇಳಿದಾಗ, "ಸಕ್ಕರೆ ಕಮ್ಮಿ ಹಾಕಿದ್ದಾನೆ" ಎಂದರು. ಡ್ರಮ್ಮುಗಳು ಯಾವುದೋ ಭಜನೆ ಮಂಡಲಿ ಸೇರಿದವು. ಸಿಂಬಲ್ಲು ಯಾರಿಗೂ ಬೇಡವಾಗಿ ಹಂಡೆ ಸೇರಿತು.

ಇದು ನನ್ನ ನೆನಪು. ಆ ಕಾರ್ಯದರ್ಶಿಯೂ ಈಗಿಲ್ಲ. ಹೀಗೇ ನಡೆಯಿತೆಂದು ಯಾವ ಆಧಾರದಿಂದ ಹೇಳಲಿ? ನಂಜಪ್ಪನವರು "ಹೋಗು" ಎಂದದ್ದು ನನ್ನ ಕಿವಿಗೆ ಇನ್ನೂ ಕೇಳಿಸುತ್ತದೆ. ಕಿವಿಗೆ ಕೇಳಿಸುವುದೆಲ್ಲ ನಡೆದದ್ದೇ ಆಗಬೇಕೆಂದಿಲ್ಲ. ಅವರು ಹಾಗೆ ಹೇಳಲಿ ಎಂದು ನಾನು ಎಷ್ಟು ಆಸೆಪಟ್ಟಿದ್ದೆನೆಂದರೆ, ಆಸೆಯೇ ನೆನಪಿನ ವೇಷ ಹಾಕಿರಬಹುದು. ಚಂದ್ರು ಪ್ರತಿ ಪಂಕ್ತಿಯಲ್ಲೂ ಅಷ್ಟು ನಿಸ್ಸಂಕೋಚವಾಗಿ "ಅಪ್ಪ ಬುಡ್ಲಿಲ್ಲ" ಎನ್ನುವಾಗ, ನಾನು ನನ್ನ ಕಡೆಯ ಸಾಕ್ಷಿಯನ್ನು ಇನ್ನೊಮ್ಮೆ ಪಾಟೀಸವಾಲು ಮಾಡಿ, ಪಾಯಸ ಕುಡಿದು ಎದ್ದುಬರುತ್ತೇನೆ.

ಕಳೆದ ಭಾನುವಾರ ಚಂದ್ರು ಎಳನೀರು ಗೊನೆ ತಂದುಕೊಟ್ಟು ನಮ್ಮ ಮನೆಯಲ್ಲಿ ಕೂತಿದ್ದ. ಒಳಗೆ ಹಂಡೆ ಕುದಿಯುತ್ತಿತ್ತು. ಟಿಸ್ ಟಿಸ್.

"ಏನ್ ತಂಗೀ, ಇನ್ನೂ ಇಟ್ಕಂಡಿದ್ದೀರಾ ಅದನ್ನ?" ಎಂದು ನನ್ನ ಹೆಂಡತಿಯನ್ನು ಕೇಳಿ, ಅವಳು ಕಾಫಿ ಕೊಡುವುದರೊಳಗೆ ಕಥೆ ಶುರುಮಾಡಿದ. ಹೇಳುತ್ತಾ ಶೆಟ್ಟಿಕೆರೆಯ ಕಾರ್ಯಕ್ರಮಕ್ಕೆ ಬಂದ. ಅವನ ಕಥೆಯಲ್ಲಿ ಜನ ಈ ಸಲ ಎರಡರಷ್ಟಾಗಿದ್ದರು. "ನಮ್ಮಪ್ಪ ಒಂದೇ ಒಂದ್ ಸಲ..."

ಇಲ್ಲಿ ಪಂಕ್ತಿಯಿರಲಿಲ್ಲ, ಬಡಿಸುವವರಿರಲಿಲ್ಲ. ನಾನು ಬಾಯಿ ತೆರೆದೆ. ನಿಮ್ಮಪ್ಪ ಹೋಗು ಎಂದಿದ್ದರು ಕಣೋ ಎನ್ನಬೇಕು. ಅವನು ಇಲ್ಲವೆಂದರೆ? ಉಳಿದಿರುವ ಆ ನೆನಪೂ ಹೋಗಿಬಿಡುತ್ತದಲ್ಲ.

"ಹೇಳಿ ಚಂದ್ರಣ್ಣ" ಎಂದಳು ನನ್ನ ಹೆಂಡತಿ.

ಚಂದ್ರು ನನ್ನ ಮುಖ ನೋಡಿದ. ಕಾಫಿ ಲೋಟ ನೋಡಿದ. "ಏನಿಲ್ಲ ತಂಗೀ. ಹಳೇ ಕಥೆ" ಎಂದು ಎದ್ದ.

ಗೇಟಿನ ತನಕ ಹೋದೆ. ಕಾರಿನ ಬಾಗಿಲು ತೆಗೆದು, ಒಳಗೆ ಕೂರದೆ, ರಸ್ತೆ ಕಡೆ ನೋಡುತ್ತಾ, "ಆ ಲೋಡು ವಾಪಸ್ ಬಂತು ಕಣ್ಲಾ" ಎಂದ.

"ಯಾವ ಲೋಡು?"

"ಟಾರ್ಪಾಲು ನಾನೇ ನಿಂತು ಕಟ್ಸಿದ್ದೆ. ದಾರೀಲಿ ಮಳೆ. ಅಷ್ಟೂ ಬೂಸ್ಟು ಹಿಡ್ದು ವಾಪಸ್ ಬಂತು. ಅಪ್ಪ ಒಂದ್ ಮಾತು ಅನ್ಲಿಲ್ಲ. ನೀನ್ ಅವತ್ತು ಶೆಟ್ಟಿಕೆರೆಗೇ ಹೋಗ್ಬೇಕಾಗಿತ್ತು ಅಂತನೂ ಅನ್ಲಿಲ್ಲ."

ನಾನು ಮಾತಾಡಲಿಲ್ಲ. ಅವನೂ ಮಾತಾಡಲಿಲ್ಲ. ಒಳಗೆ ಹಂಡೆಯ ಮುಚ್ಚಳ ಕೂಡ ಯಾಕೋ ಸುಮ್ಮನಾಯಿತು, ಕರಟ ಉರಿದು ಮುಗಿದಿರಬೇಕು. ಒಂದು, ಎರಡು. ನನಗೆ ಅಭ್ಯಾಸ, ಎಣಿಸಿದೆ. ಮೂರು. ನಾಲ್ಕು.

"ಬುಡತ್ಲಾಗೆ" ಎಂದು ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡ.

ಆಗ ಒಂದು ಸಲವಾದರೂ ಹೀಗೆ ಸರಿಯಾಗಿ ನಾಲ್ಕಕ್ಕೆ ಹೇಳಲು ಇವನಿಗೇನು ರೋಗವಾಗಿತ್ತು?